ಕುರಿ ಎಣಿಸದ ಹುಡುಗಿ

ನಮ್ಮ ಮನೆಯ ಜಗಲಿ ಚಿಕ್ಕದು. ಮೂರು ಚಾಪೆ ಹಾಸಿದರೆ ಚಪ್ಪಲಿ ಬಿಡಲು ಜಾಗ ಉಳಿಯುವುದಿಲ್ಲ. ಸಂಜೆ ಐದಕ್ಕೆ ಮಕ್ಕಳು ಬರತೊಡಗಿದರೆ ನಮ್ಮತ್ತೆ ತಮ್ಮ ಮಣೆ ಎತ್ತಿಕೊಂಡು ಅಂಗಳದ ಕರಿಬೇವಿನ ಗಿಡದ ಪಕ್ಕ ಹೋಗಿ ಕೂರುತ್ತಾರೆ. ಕೂರುವುದು ಅಲ್ಲಿ, ಕಿವಿ ಮಾತ್ರ ಜಗಲಿಯ ಮೇಲೆ. "ಇಂಗೇ ಕೇಳ್ತಾ ಇದ್ರೆ ಬರೋ ವರ್ಸಕ್ಕೆ ನಾನೂ ಮೂರ್ನೇ ಕ್ಲಾಸ್ ಪಾಸಾಗ್ತೀನಿ" ಎಂದು ಒಮ್ಮೆ ಅಂದಿದ್ದರು.

ಕೊರೊನಾದ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳು ಕಲಿತಿದ್ದ ಅಕ್ಷರವನ್ನೂ ಮರೆತಿದ್ದರು. ಆಮೇಲೆ ಸರ್ಕಾರ ಊರಿಗೊಬ್ಬಿಬ್ಬರಂತೆ ಓದಿದವರನ್ನು ಹುಡುಕಿ, ಮನೆ ಬಾಗಿಲಲ್ಲೇ ಸಂಜೆ ಒಂದೂವರೆ ಗಂಟೆ ಮಕ್ಕಳಿಗೆ ಹೇಳಿಕೊಡಿ ಎಂದಿತು. ನಾನು ಸೇಲಂನ ಕಾನ್ವೆಂಟಿನಲ್ಲಿ ಹನ್ನೆರಡರವರೆಗೆ ಓದಿದವಳು. ಮದುವೆಯಾಗಿ ನಲ್ಲಂಪಳ್ಳಿಯ ಆಚೆಯ ಈ ಊರಿಗೆ ಬಂದ ಮೇಲೆ ಆ ಓದನ್ನು ಔಷಧಿ ಡಬ್ಬಿಯ ಮೇಲಿನ ತಾರೀಖು ನೋಡಲು, ನಮ್ಮ ಯಜಮಾನರ ಮೋಟಾರ್ ರಿಪೇರಿ ಅಂಗಡಿಗೆ ಬಂದ ಇಂಗ್ಲಿಷ್ ಚೀಟಿಗಳನ್ನು ಓದಿ ಹೇಳಲು ಬಳಸಿದ್ದೆ, ಅಷ್ಟೆ. ಹೆಸರು ಕೊಟ್ಟೆ. ಎರಡು ದಿನ ತರಬೇತಿ, ಒಂದು ಕರಿಹಲಗೆ, ಒಂದು ಪೆಟ್ಟಿಗೆ ಬಣ್ಣದ ಕಾರ್ಡು.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷು, ತಮಿಳು. ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಕನ್ನಡ. ಕನ್ನಡದ ಅಕ್ಷರ ನನಗೆ ಶಾಲೆಯಿಂದ ಬಂದದ್ದಲ್ಲ, ತಾತನಿಂದ. ಅವರ ಕಾಲಕ್ಕೆ ನೇಕಾರರ ಬೀದಿಯಲ್ಲಿ ಕನ್ನಡ ಹೇಳಿಕೊಡುವ ಒಂದು ಶಾಲೆ ಇತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅದು ನೂಲಿನ ಗೋದಾಮಾಗಿತ್ತು. ಈಗ ಇಲ್ಲಿ ಒಂದರಿಂದ ಹತ್ತರವರೆಗೆ ಎಲ್ಲ ಮಕ್ಕಳಿಗೂ ತಮಿಳು ಕಡ್ಡಾಯ. ಅದರ ಬಗ್ಗೆ ನನಗೆ ತಕರಾರಿಲ್ಲ. ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಆಸ್ಪತ್ರೆ ಚೀಟಿ ಎಲ್ಲ ತಮಿಳೇ ಆಗಿರುವಾಗ ತಮಿಳು ಬಾರದ ಮಗು ಎಲ್ಲಿ ಹೋಗಿ ಏನು ಮಾಡೀತು? ಆದರೆ ಒಂದನೇ ಕ್ಲಾಸಿನ ಪುಸ್ತಕ ಮಾಡುವವರು, ಮಗುವಿಗೆ ತಮಿಳು ಮಾತು ಮೊದಲೇ ಬರುತ್ತದೆ, ಅಕ್ಷರ ಮಾತ್ರ ಬಾರದು ಎಂದುಕೊಂಡು ಮಾಡಿರುತ್ತಾರೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ನಮ್ಮ ಕುರುಬರ ಕೇರಿಯ ಮಕ್ಕಳಿಗೆ ಎರಡೂ ಬಾರದು. ಅಕ್ಷರ ಕಲಿಯುವ ಮೊದಲು ಅವರು ಒಂದು ಇಡೀ ಭಾಷೆಯನ್ನು ದಾಟಿ ಬರಬೇಕು. ಆ ದಾರಿಗೆ ಯಾವ ಪುಸ್ತಕದಲ್ಲೂ ಪುಟವಿಲ್ಲ.

ಆ ಹುಡುಗಿ ಬಂದದ್ದು ದೀಪಾವಳಿ ಆದ ವಾರ, ಅಜ್ಜಿಯ ಕೈ ಹಿಡಿದುಕೊಂಡು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎರಡು ಜಡೆಗೆ ಎರಡು ಬಣ್ಣದ ರಿಬ್ಬನ್ನು. ಯೂನಿಫಾರಂ ಮೇಲೆ ಕುರಿಮರಿಯನ್ನು ಎತ್ತಿಕೊಂಡ ಗುರುತು, ಎಡ ತೋಳಿನ ಹತ್ತಿರ ಮಾತ್ರ ಬಟ್ಟೆ ಸವೆದಿತ್ತು. ಅಜ್ಜಿ ಚಪ್ಪಲಿ ಬಿಡದೆ, ಜಗಲಿ ಹತ್ತದೆ, ನಿಂತಲ್ಲಿಂದಲೇ ವಿಷಯ ಹೇಳಿದರು.

"ನೋಡಮ್ಮ, ಇವ್ಳ್ನ ಪಳ್ಳಿಕೂಟದಲ್ಲಿ ಮೊದ್ಲನೇ ಗುಂಪಲ್ಲಿ ಆಕವ್ರೆ. ಸಣ್ಣ ಮಕ್ಳ ಜತೆ. ಇವ್ರಪ್ಪ ಏಳ್ಬುಟ್ಟವ್ನೆ, ಪೊಂಗಲ್ ಆದ್ಮ್ಯಾಕೆ ಒಂದು ಟೆಸ್ಟು ಐತಂತೆ, ಅದ್ರಲ್ಲಿ ಟೀಚರು 'ಇವ್ಳು ಓದ್ತಾಳೆ' ಅಂದ್ರೆ ನನ್ ಜತೆ ಊರಲ್ಲಿರ್ಲಿ. ಇಲ್ಲಾಂದ್ರೆ ಮಂದೆ ಜತೆ ಬರ್ಲಿ, ಮರಿ ನೋಡ್ಕಳ್ಳಿ ಅಂತ."

"ನೀನೇನಂತೀಯಾ?" ಎಂದು ಹುಡುಗಿಯನ್ನು ಕೇಳಿದೆ.

"ಓದ್ತೀನಿ" ಅಂದಳು.

ಪೊಂಗಲ್ ಕಳೆದ ಮೇಲೆ ಅವರ ಕುರಿಗಳು ಸೇಲಂ ದಾಟಿ ಕೆಳಗಿನ ಗದ್ದೆ ಬಯಲಿಗೆ ಹೋಗುತ್ತವೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರಿಗೆ ಮೇವು. ತಿರುಗಿ ಬರುವಾಗ ಬೇಸಿಗೆ. ಅಷ್ಟರಲ್ಲಿ ಶಾಲೆಯ ವರ್ಷ ಮುಗಿದಿರುತ್ತದೆ. ಹಿಂದಿನ ವರ್ಷವೂ ಅವಳು ಹಾಗೆ ಹೋಗಿದ್ದಳು. ಮೂವತ್ತು ದಿನ ಬಿಡದೆ ಬಾರದ ಮಗುವನ್ನು ಕಂಪ್ಯೂಟರು ಶಾಲೆ ಬಿಟ್ಟವರ ಪಟ್ಟಿಯ ಹತ್ತಿರ ಸರಿಸುತ್ತದೆ. ಮನೆಗೆ ಒಂದು ಕಾಗದ ಬರುತ್ತದೆ. ಬಂದಿತ್ತಂತೆ. ಅವಳು ತಿರುಗಿ ಬಂದಾಗ ಹೆಡ್‌ಮಿಸ್ಟ್ರೆಸ್ ಮತ್ತೆ ಸೇರಿಸಿಕೊಂಡಿದ್ದರು. ಫೇಲು ಎಂಬುದು ಈ ಕ್ಲಾಸುಗಳಲ್ಲಿ ಇಲ್ಲ. ಮಗು ಮೇಲಿನ ಕ್ಲಾಸಿಗೆ ಹೋಗುತ್ತದೆ, ಓದು ಕೆಳಗೇ ಉಳಿಯುತ್ತದೆ. ಉಳಿದವರನ್ನು ಮೇಲೆತ್ತಲೆಂದೇ ಮೂರು ಗುಂಪು ಮಾಡಿದ್ದಾರೆ. ಅವುಗಳ ಹೆಸರು ಅರುಂಬು, ಮೊಟ್ಟು, ಮಲರ್. ಎಳೆ ಮೊಗ್ಗು, ದೊಡ್ಡ ಮೊಗ್ಗು, ಹೂವು. ಇವಳು ಅರುಂಬು.

ಕಲಿಸಲು ಕೂತಾಗ ಒಂದು ವಿಷಯ ಗೊತ್ತಾಯಿತು. ತರಗತಿಯಲ್ಲಿ ಅವಳು ಬಾಯಿ ಬಿಡುವುದೇ ಇಲ್ಲ. ಅವಳ ತಮಿಳನ್ನು ಕೇಳಿ ಮಕ್ಕಳು ನಕ್ಕಿದ್ದರಂತೆ. ನನ್ನ ಕಾನ್ವೆಂಟಿನ ಮೊದಲ ವರ್ಷ ನೆನಪಾಯಿತು. ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡು 'ಎಸ್ ಸಿಸ್ಟರ್' ಅನ್ನುತ್ತಿದ್ದೆ, ತಪ್ಪಾದರೆ ಕರ್ಚೀಫಿನೊಳಗೇ ಇರಲಿ ಎಂದು. ನಾನು ಆ ಹುಡುಗಿಗೆ ಮೊದಲು ಕನ್ನಡದಲ್ಲೇ ಕಥೆ ಹೇಳಿದೆ, ಆಮೇಲೆ ಅದೇ ಕಥೆಯನ್ನು ತಮಿಳಿನಲ್ಲಿ, ಆಮೇಲೆ ಪುಸ್ತಕ. ನನ್ನ ಕನ್ನಡ ಕೇಳಿ ಅತ್ತೆ ಕರಿಬೇವಿನ ಪಕ್ಕದಿಂದ ಅಂದರು, "ಗಂಜಿ ಆಕಿದ್ ಸೀರೆ ಇದ್ದಂಗೈತೆ ಕಣಮ್ಮ ನಿನ್ ಮಾತು. ಒಂಚೂರು ಒಗ್ದು ಮಾತಾಡು, ಮಗೀಗೆ ಅರ್ಥ ಆಗ್ಲಿ."

ಹುಡುಗಿ ಕಿಸಕ್ಕನೆ ನಕ್ಕಳು. ಅವತ್ತಿನಿಂದ ಬಾಯಿ ಬಿಟ್ಟಳು.

ಒಂದು ತಿಂಗಳಲ್ಲಿ ಅಕ್ಷರ ಕೂಡಿಸಿದಳು. ಇನ್ನೊಂದು ತಿಂಗಳಲ್ಲಿ ಸಣ್ಣ ವಾಕ್ಯ. ಓದುವಾಗ ಬೆರಳನ್ನು ಅಕ್ಷರದ ಕೆಳಗೆ ಇಡುತ್ತಿರಲಿಲ್ಲ, ಮೇಲೆ ಇಡುತ್ತಿದ್ದಳು, ಮುಂದಿನದು ಓಡಿಹೋಗದ ಹಾಗೆ. ಹುಣಸೆ ಬೀಜ ಕೊಟ್ಟರೆ ನೂರರವರೆಗೆ ಎಣಿಸುವಳು, ಕೂಡುವಳು, ಕಳೆಯುವಳು. ಪೊಂಗಲ್ ಹತ್ತಿರ ಬರುವಾಗ, ಕುರಿ ಕಾಯುವವರ ಮಗಳಲ್ಲವೇ, ಅವಳಿಗೆ ಗೊತ್ತಿರುವುದರಿಂದಲೇ ಹೇಳಿಕೊಡೋಣ ಎಂದು ನಾನು ಹಲಗೆಯ ಮೇಲೆ ಆರು ಕುರಿ ಬರೆದೆ. ನನ್ನ ಚಿತ್ರ ಅಷ್ಟೇನೂ ಚೆನ್ನಾಗಿರಲಿಲ್ಲ. ಒಂದಕ್ಕೆ ಐದು ಕಾಲಿದ್ದ ಹಾಗೆ ಕಾಣುತ್ತಿತ್ತು. ಕೆಳಗೆ ತಮಿಳಿನಲ್ಲಿ ಪ್ರಶ್ನೆ ಬರೆದು ಕೇಳಿದೆ, "ಓದಿ ಹೇಳು. ಎಷ್ಟು ಕುರಿ? ಎರಡು ಹೋದರೆ ಉಳಿಯುವುದೆಷ್ಟು?"

ಅವಳು ಹಲಗೆ ನೋಡಿದಳು. ನನ್ನ ಮುಖ ನೋಡಿದಳು. ಕಾಲಬೆರಳಿನಿಂದ ಚಾಪೆಯ ಎಳೆ ಕೀಳತೊಡಗಿದಳು. ಎರಡು ಸಲ, ಮೂರು ಸಲ ಕೇಳಿದೆ. ಉತ್ತರವಿಲ್ಲ. ಬಾಗಿಲ ಹತ್ತಿರದ ಚುರುಕು ಹುಡುಗಿಯೊಬ್ಬಳು "ನಾಲ್ಕು ಅಕ್ಕಾ" ಎಂದು ಕೂಗಿದಳು. ಮರುದಿನ ಎಳೆ ಕೀಳುತ್ತಿದ್ದ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಟ ಎಂದುಕೊಂಡೆ. ಬೇಸರವೂ ಆಯಿತು, ಸುಳ್ಳು ಹೇಳುವುದಿಲ್ಲ. ಹೇಳಿ ಕಳಿಸಿದ ಮೇಲೆ ಬಂದಳು. ನಾನೂ ಆ ಲೆಕ್ಕವನ್ನು ಮತ್ತೆ ಎತ್ತಲಿಲ್ಲ.

ಪೊಂಗಲ್ ಆಯಿತು. ಟೆಸ್ಟ್ ಆಯಿತು. ಸಂಜೆ ಶಾಲೆಗೆ ಹೋಗಿ ಕೇಳಿದೆ. ಹೆಡ್‌ಮಿಸ್ಟ್ರೆಸ್ ತಮಿಳಿನವರು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರು ಬಾಗಿಲಿಗೆ ಬೀಗ ಹಾಕುತ್ತಿದ್ದವರು ನಿಲ್ಲಿಸಿ ಅಂದರು, "ಅರುಂಬೇ ಅಮ್ಮ. ಬಾಯೇ ಬಿಡಲಿಲ್ಲ."

"ನಮ್ಮ ಜಗಲಿಯಲ್ಲಿ ಓದುತ್ತಾಳೆ ಟೀಚರ್. ಇಡೀ ಪಾಠ ಓದುತ್ತಾಳೆ."

"ನೀವು ಹೇಳಿದರೆ ನಾನು ನಂಬುತ್ತೇನೆ. ಟೆಸ್ಟಿನ ಉತ್ತರವನ್ನು ಒತ್ತಬೇಕಾದ ಈ ಫೋನು ನಂಬಬೇಕಲ್ಲ. ಮಗು ಮನಸ್ಸಿನಲ್ಲೇ ಓದಿಕೊಂಡು ಉತ್ತರ ಹೇಳಬೇಕು. ಉತ್ತರ ಹೇಳದಿದ್ದರೆ ಓದಲು ಬಾರದು ಎಂದೇ ಒತ್ತಬೇಕು."

ಪುಟ ತೋರಿಸಿ ಎಂದೆ. ತೋರಿಸಿದರು. ಹಸಿರು ಬಯಲು, ಮರ, ಮರದ ಕೆಳಗೆ ಕುರಿಗಳು. ಚಂದದ ಚಿತ್ರ, ಪ್ರತಿ ಕುರಿಗೂ ನಾಲ್ಕೇ ಕಾಲು. ಕೆಳಗೆ ಮೂರು ಪ್ರಶ್ನೆ. ಚಿತ್ರದಲ್ಲಿ ಎಷ್ಟು ಕುರಿಗಳಿವೆ? ಬಿಳಿಯವು ಎಷ್ಟು? ಮರಿಗಳು ಎಷ್ಟು?

ನಾನು ಆ ಪುಟವನ್ನು ನೋಡುತ್ತಾ ನಿಂತೆ. ಚಾಪೆಯ ಎಳೆ ಕೀಳುತ್ತಿದ್ದ ಕಾಲಬೆರಳು ಕಣ್ಣ ಮುಂದೆ ಬಂತು.

ಅಲ್ಲಿಂದ ಸೀದಾ ಕುರುಬರ ಕೇರಿಗೆ ಹೋದೆ. ಅಜ್ಜಿ ಉಣ್ಣೆ ಬಿಡಿಸುತ್ತಾ ಕೂತಿದ್ದರು. ಕಲ್ಲಿನ ಮೇಲೆ ಕೂತು, ಅದೂ ಇದೂ ಮಾತಾಡಿ ಕೇಳಿದೆ, "ಅಜ್ಜಿ, ನಿಮ್ಮವು ಒಟ್ಟು ಎಷ್ಟು ಕುರಿ?"

ಅವರ ಕೈ ನಿಂತಿತು. "ಅವೆ ಒಂದಷ್ಟು. ದೇವ್ರು ಕೊಟ್ಟಷ್ಟು."

"ಎಷ್ಟು ಅಂತ?"

"ಏಳಿದ್ನಲ್ಲಮ್ಮ, ಒಂದಷ್ಟು." ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. "ಓ, ನೀನೇನಾ ಮಗೀಗೆ ಕುರಿ ಎಣ್ಸು ಅಂದೋಳು? ಅವತ್ತು ಬಂದು ಅಳ್ತಾ ಕೂತ್ಲು. 'ಅಕ್ಕ ಎಣ್ಸು ಅಂತಾರೆ, ಎರಡು ಓದ್ರೆ ಅಂತಾರೆ, ಎಲ್ಲಿಗೆ ಓಗ್ತವೆ ಅವು' ಅಂತ. ಉಸ್ರಾಡೋ ಜೀವಾನ ಬಾಯಲ್ಲಿ ಎಣ್ಸಬಾರ್ದು ಕಣಮ್ಮ. ಎಣ್ಸಿದ್ರೆ ಕಮ್ಮಿ ಆಗ್ತವೆ. ನಾವೇ ಏಳ್ಕೊಟ್ಟಿದ್ದು ಅವ್ಳ್ಗೆ, ನಡಿಯೋಕೆ ಬಂದಾಗ್ಲಿಂದ."

"ಮತ್ತೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತೆ?"

"ಮಕ ನೋಡಿದ್ರೆ ಗೊತ್ತಾಗಲ್ವಾ? ನಿನ್ ಮಕ್ಳ್ನ ಎಣ್ಸಿ ಒಳಕ್ಕೆ ಕರ್ಕಂಡೋಗ್ತೀಯಾ ನೀನು?"

ನಮ್ಮಪ್ಪ ಮಗ್ಗದ ಮೇಲಿದ್ದಾಗ 'ಸೀರೆ ಎಷ್ಟಾಯಿತು' ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಎಳೆ ಕಡಿಯುತ್ತದೆ ಎಂದು. ಹೊರಗಿನವರು ಕೇಳಿದರೆ ಅಪ್ಪ "ನಡೀತಾ ಇದೆ" ಎಂದಷ್ಟೇ ಅನ್ನುತ್ತಿದ್ದರು. ಅದರಲ್ಲೇ ಬೆಳೆದ ನಾನು ಈ ಮಗುವಿನ ಮುಂದೆ ಹಲಗೆ ಹಿಡಿದು ಮೂರು ಸಲ ಕೇಳಿದ್ದೆ.

ಮನೆಯಲ್ಲಿ ಹೇಳಿದಾಗ ಅತ್ತೆ ಸೊಪ್ಪು ಬಿಡಿಸುತ್ತಾ ಅಂದರು, "ನನ್ನ ಕೇಳಿದ್ರೆ ನಾನೇ ಏಳ್ತಿದ್ದೆ. ಕಾನ್ವೆಂಟ್‌ನೋರು ಯಾರ್ನ ಕೇಳ್ತೀರಾ?"

ಮರುದಿನ ಬೆಳಿಗ್ಗೆ ಅಡುಗೆ ಮುಗಿಸಿ ನಲ್ಲಂಪಳ್ಳಿಯ ಬ್ಲಾಕ್ ಆಫೀಸಿಗೆ ಹೋದೆ. ಅಲ್ಲಿನ ಮೇಲ್ವಿಚಾರಕ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. "ಕೇಳ್ವಿ ಸ್ಟೇಟ್ ಪೂರಾ ಒಣ್ಣುದಾನ್ ಮೇಡಂ" ಅಂದರು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆ. ಒಮ್ಮೆ ಒತ್ತಿದ್ದು ಮುಂದಿನ ಸುತ್ತಿನವರೆಗೆ ತೆರೆಯುವುದಿಲ್ಲ, ಆ ಸುತ್ತು ಇನ್ನು ಎರಡು ತಿಂಗಳಿಗೆ. ಬರೆದು ಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ತಮಿಳಿನಲ್ಲಿ ಒಂದೂವರೆ ಪುಟ ಬರೆದೆ. ಚಿತ್ರದಲ್ಲಿ ಕುರಿ ಇರಲಿ, ಎಣಿಸುವ ಪ್ರಶ್ನೆ ಮರಗಳ ಬಗ್ಗೆ ಇರಲಿ ಎಂದು ಕೊನೆಯಲ್ಲಿ ಸೇರಿಸಿದೆ. ಅದಕ್ಕೆ ಉತ್ತರ ಇವತ್ತಿನವರೆಗೂ ಬಂದಿಲ್ಲ. ಆಮೇಲೆ ಎರಡು ಸಲ ನೆನಪಿಸಿ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ.

ಆದರೆ ಮಂದೆ ಎರಡು ತಿಂಗಳು ಕಾಯುವುದಿಲ್ಲ. ಮುಂದಿನ ಸೋಮವಾರ ಹೊರಡುತ್ತದೆ ಎಂದು ಅಜ್ಜಿ ಹೇಳಿದ್ದರು. ಹುಡುಗಿಯ ತಂದೆಗೆ ಬೇಕಾಗಿದ್ದದ್ದು ನನ್ನ ಮಾತಲ್ಲ, ಟೀಚರ ಮಾತು. ಶನಿವಾರ ಶಾಲೆಗೆ ಹೋಗಿ ಹೆಡ್‌ಮಿಸ್ಟ್ರೆಸ್‌ಗೆ ಎಲ್ಲವನ್ನೂ ಹೇಳಿ, ನನ್ನ ಜೊತೆ ಬನ್ನಿ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಬಂದು ಏನು ಹೇಳಲಿ? ನನ್ನ ಕೈಯಾರೆ ಅರುಂಬು ಎಂದು ಒತ್ತಿದ್ದೇನೆ."

"ಒತ್ತಿದ್ದು ತಪ್ಪು ಎಂದು ಹೇಳಿ ಟೀಚರ್. ತಪ್ಪು ಮೊದಲು ಮಾಡಿದವಳು ನಾನು. ನಾನೂ ಹೇಳುತ್ತೇನೆ."

ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯ. ಸಿಸ್ಟರ್‌ಗಳ ಮುಂದೆ ಎದ್ದು ನಿಂತು ಒಂದು ದಿನವೂ ಎದುರು ಮಾತಾಡಿದವಳಲ್ಲ. ಹೆಡ್‌ಮಿಸ್ಟ್ರೆಸ್ ಕನ್ನಡಕ ಹಾಕಿಕೊಂಡು, "ಸ್ಕೂಟಿಯಲ್ಲಿ ಪೆಟ್ರೋಲ್ ಇದೆ, ನಡೆಯಿರಿ" ಎಂದರು. ಹುಡುಗಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಪುಸ್ತಕವನ್ನು ಅವಳು ಹೊಟ್ಟೆಗೆ ಅವುಚಿಕೊಂಡಿದ್ದಳು.

ಮಂದೆ ಕಂಬೈನಲ್ಲೂರಿನ ದಾರಿಯ ಒಂದು ಅವರೆ ಹೊಲದಲ್ಲಿತ್ತು. ತಂದೆ ಮಂದೆಯ ಸುತ್ತ ಕಟ್ಟುವ ಬಲೆಗೆ ಗೂಟ ಹೊಡೆಯುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಅವರನ್ನು ಕಂಡು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

"ಏನ್ ಟೀಚರ್, ಇಷ್ಟು ದೂರ?"

"ನಿನ್ನ ಮಗಳು ಓದುತ್ತಾಳಪ್ಪ. ನಾನು ತಪ್ಪಾಗಿ ಬರೆದುಬಿಟ್ಟೆ" ಎಂದರು ಅವರು, ಪೀಠಿಕೆಯಿಲ್ಲದೆ. ಪುಸ್ತಕ ತೆಗೆದು ಒಂದು ಪುಟ ಬಿಚ್ಚಿ ಕೊಟ್ಟರು. ಹುಡುಗಿ ಓದಿದಳು. ಕುರಿಗಳ ಸದ್ದಿನ ಮಧ್ಯೆ ದನಿ ಎತ್ತಿಯೇ ಓದಿದಳು. ಆ ಸದ್ದಿನಲ್ಲಿ ಅವಳಿಗೆ ಸಂಕೋಚವಿರಲಿಲ್ಲ.

ತಂದೆ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಬಾಯಿಪಾಠ ಆಗಿರ್ತೈತೆ ಅಕ್ಕ. ದಿನಾ ಇದೇ ಬುಕ್ಕು. ಓಗ್ಲಿ ಬಿಡಿ, ಎಸ್ರೇ ಇಲ್ದೋಳ್ನ ಕೂರಿಸ್ಕಂಡು ಏಳ್ಕೊಟ್ಟವ್ರೆ ಟೀಚರು, ದೊಡ್ಡ ಮನ್ಸು ಅವ್ರ್ದು."

"ಹೆಸರಿಲ್ಲದವಳು ಅಂದರೆ?"

"ಓದ್ ವರ್ಸನೇ ಎಸ್ರು ಒಡ್ದಾಕಿ ಕಾಗ್ದ ಬಂತಲ್ಲ."

ಅವರು ಹೋಗಿ ಮರಕ್ಕೆ ತೂಗು ಹಾಕಿದ್ದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ರೇಷನ್ ಕಾರ್ಡಿನ ಹಿಂದೆ, ನಾಲ್ಕು ಮಡಿಕೆಯ ಒಂದು ಕಾಗದ. ಮಡಿಸಿದ ಗೆರೆಗಳಲ್ಲಿ ಹರಿಯುವಂತಾಗಿತ್ತು. ಮೇಲೆ ಶಾಲೆಯ ಸೀಲು. ಸೀಲಿರುವ ಕಾಗದವನ್ನು ಬಿಸಾಡಬಾರದೆಂದು ಇಟ್ಟುಕೊಂಡಿದ್ದರು. ಯಾರ ಹತ್ತಿರವೂ ಓದಿಸಿರಲಿಲ್ಲ. ಮಗಳ ಹೆಸರು ತೆಗೆದಿದ್ದಾರೆ ಎಂಬುದನ್ನು ಊರಿನ ಇನ್ನೊಬ್ಬರ ಬಾಯಲ್ಲಿ ಕೇಳುವುದು ಅವರಿಗೆ ಬೇಕಿರಲಿಲ್ಲವೇನೋ.

ಹೆಡ್‌ಮಿಸ್ಟ್ರೆಸ್ ಕೈ ಚಾಚಿದರು. ನಾನು ಮೆಲ್ಲನೆ ಅವರ ಮೊಣಕೈ ಮುಟ್ಟಿದೆ. ಅವರಿಗೆ ಅರ್ಥವಾಯಿತು. ಕಾಗದ ಹುಡುಗಿಯ ಕೈಗೆ ಹೋಯಿತು.

ಅವಳು ಎಂದಿನಂತೆ ಬೆರಳನ್ನು ಅಕ್ಷರದ ಮೇಲೆ ಇಟ್ಟಳು. ಅಚ್ಚಿನ ತಮಿಳು, ಪುಸ್ತಕದಲ್ಲಿಲ್ಲದ ಉದ್ದ ಪದಗಳು. ಎಡವಿದಳು, ಹಿಂದಕ್ಕೆ ಹೋಗಿ ಮತ್ತೆ ಹಿಡಿದಳು. ನಾವು ಯಾರೂ ಬಾಯಿ ಹಾಕಲಿಲ್ಲ. ತನ್ನ ಹೆಸರು ಬಂದಾಗ ಒಂದು ಗಳಿಗೆ ನಿಂತಳು. ಮೂವತ್ತು ದಿನ ಸತತವಾಗಿ ಶಾಲೆಗೆ ಬಂದಿಲ್ಲ ಎಂಬುದನ್ನು ದಾಟಿದಳು. ಕೊನೆಯ ಸಾಲಿಗೆ ಬಂದು, ಓದಿ, ತಂದೆಯ ಕಡೆ ನೋಡಿ ಕನ್ನಡದಲ್ಲಿ ಹೇಳಿದಳು, "ಅಪ್ಪ, ಎಸ್ರು ಒಡ್ದವ್ರೆ ಅಂತ ಇಲ್ಲ. 'ಅನುಪ್ಪವುಂ' ಅಂತ ಐತೆ. ನನ್ನ ಮತ್ತೆ ಕಳ್ಸಿ ಅಂತ ಬರ್ದವ್ರೆ."

"ಸರ್ಯಾಗಿ ನೋಡು ಮಗ."

"ನೋಡ್ದೆ. ಕಳ್ಸಿ ಅಂತಾನೇ ಐತೆ."

ತಂದೆ ಹೆಡ್‌ಮಿಸ್ಟ್ರೆಸ್ ಮುಖ ನೋಡಿದರು. "ಅದೇ ಇರೋದಪ್ಪ" ಎಂದರು ಹೆಡ್‌ಮಿಸ್ಟ್ರೆಸ್. "ನಾನೇ ಸೀಲು ಹಾಕಿ ಕಳಿಸಿದ್ದು. ಓದಿ ಹೇಳಲು ಯಾರನ್ನೂ ಕಳಿಸಲಿಲ್ಲ."

ತಂದೆ ಕಾಗದವನ್ನು ತೆಗೆದುಕೊಂಡು ಅದೇ ಮಡಿಕೆಗಳಲ್ಲಿ ಮಡಿಸಿದರು. ಅವರ ಕಷ್ಟವೂ ಸುಳ್ಳಲ್ಲ. ದಾರಿಯಲ್ಲಿ ಹುಟ್ಟಿದ ಮರಿಗಳನ್ನು ಬುಟ್ಟಿಯಲ್ಲಿಟ್ಟು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಹೆಂಡತಿ ಅಡುಗೆ, ನೀರು ನೋಡಬೇಕು. ಕೊನೆಗೆ ಗೂಟ ಹೊಡೆಯುವ ಕಲ್ಲನ್ನು ಮತ್ತೆ ಕೈಗೆತ್ತಿಕೊಂಡು ಅಂದರು, "ಎಳೆ ಮರಿ ಅವೆ ಒಂದಷ್ಟು. ಅವನ್ನೂ ಅವುಗಳ ತಾಯ್ಗಳ್ನೂ ಇಲ್ಲೇ ಅವ್ವನ್ ತಾವ ಬಿಟ್ಟೋಗ್ತೀನಿ. ಬೆಳಿಗ್ಗೆ ಸಾಯಂಕಾಲ ನೀನೇ ನೋಡ್ಕಬೇಕು. ಆಯ್ತದಾ?"

"ಆಯ್ತದೆ" ಅಂದಳು.

"ಪಳ್ಳಿಕೂಟಕ್ಕೆ ಒಂದ್ ದಿನ ಓಗ್ಲಿಲ್ಲ ಅಂತ ಕೇಳಿದ್ರೆ ಬಂದು ಎತ್ತಾಕ್ಕಂಡ್ ಓಗ್ತೀನಿ."

"ಓಗ್ತೀನಪ್ಪ."

ತಿರುಗಿ ಬರುವಾಗ ಹೆಡ್‌ಮಿಸ್ಟ್ರೆಸ್ ಸ್ಕೂಟಿಯನ್ನು ನಿಧಾನವಾಗಿ ಓಡಿಸಿದರು. ಇನ್ನು ಮುಂದೆ ಇಂಥ ಕಾಗದ ಹೊರಟರೆ ಅದನ್ನು ತಲುಪಿಸಿ, ಮನೆಯವರಿಗೆ ಅವರ ಮಾತಿನಲ್ಲಿ ಹೇಳಿ ಬರುವ ಕೆಲಸ ನನಗೆ ಕೊಡಿ ಎಂದು ಹಿಂದಿನಿಂದ ಕೇಳಿದೆ. ಕೊಟ್ಟರು. ಈಗ ತಿಂಗಳಿಗೆ ಎರಡೋ ಮೂರೋ ಕಾಗದ ಹಿಡಿದು ಕೇರಿ ಸುತ್ತುತ್ತೇನೆ. ಒಮ್ಮೆ ಕಾರಿಮಂಗಲದ ತನಕ ಬಸ್ಸಿನಲ್ಲಿ ಹೋಗಿ ಒಂದು ಮಂದೆ ಹುಡುಕಿದೆ.

ಮುಂದಿನ ಸುತ್ತಿನ ಟೆಸ್ಟಿನ ದಿನ ಹೆಡ್‌ಮಿಸ್ಟ್ರೆಸ್ ಮಧ್ಯಾಹ್ನವೇ ಫೋನ್ ಮಾಡಿದರು. ಚಿತ್ರದಲ್ಲಿ ಈ ಸಲ ಕೋಳಿ ಮತ್ತು ಮರಿಗಳು. ಎಷ್ಟು ಮರಿಗಳು ಎಂಬುದೇ ಪ್ರಶ್ನೆ. ಹುಡುಗಿ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ತಮಿಳಿನಲ್ಲೇ ಹೇಳಿದಳಂತೆ, "ಉಸಿರಾಡುವುದನ್ನು ನಾನು ಎಣಿಸುವುದಿಲ್ಲ ಟೀಚರ್. ಪಕ್ಕದಲ್ಲಿ ಮಡಕೆ ಐದಿವೆ. ಅದನ್ನು ಬೇಕಾದರೆ ಬರೆದುಕೊಳ್ಳಿ." ಯಾರೂ ನಗಲಿಲ್ಲವಂತೆ. ಅಥವಾ ನಕ್ಕರೂ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ.

"ಏನು ಒತ್ತಿದಿರಿ?" ಎಂದು ಕೇಳಿದೆ.

"ಪ್ರಶ್ನೆ ಓದಿ ಅರ್ಥ ಮಾಡಿಕೊಂಡಿದ್ದಾಳೋ ಇಲ್ಲವೋ ಎಂದು ತಾನೇ ಅದು ಕೇಳುವುದು? ಓದಿದ್ದಾಳೆ ಎಂದು ಒತ್ತಿದೆ. ಮೇಲಿನವರು ಕೇಳಿದರೆ ಉತ್ತರ ಹೇಳುತ್ತೇನೆ" ಎಂದರು.

ಈಗ ಸಂಜೆ ಅವಳು ಬರುವಾಗ ಹಿಂದೆ ಮರಿಗಳೂ ಬರುತ್ತವೆ. ಗೇಟಿನ ಹೊರಗೆ ಕಟ್ಟಿದರೂ ಹೇಗೋ ಹಗ್ಗ ಬಿಚ್ಚಿಕೊಂಡು ಒಳಗೆ ನುಗ್ಗುತ್ತವೆ. ನಿನ್ನೆ ನಾನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಅಂಗಳದಿಂದ ಅತ್ತೆಯ ದನಿ ಬಂತು.

"ಲೇ ಹುಡ್ಗಿ, ಬಂದು ನೋಡೇ. ನನ್ ಕರಿಬೇವು ಪೂರಾ ಬೋಳಾಯ್ತು. ಎಷ್ಟು ಮರಿ ಬಿಟ್ಟಿದ್ಯೇ ಒಳಕ್ಕೆ?"

ಹುಡುಗಿ ಪುಸ್ತಕದಿಂದ ಬೆರಳು ತೆಗೆಯದೆ ಹೇಳಿದಳು, "ಒಂದಷ್ಟು ಅಜ್ಜಿ."